ಬ್ಯಾಟರಿ ರೂಮಿನ ಹಸಿರು ದೀಪ

ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ಅದು ಕೆಟ್ಟಿತು. ನಾವು ಆಗ ಊಟ ಮುಗಿಸಿ ಸೀಟಿಗೆ ಮರಳಿದ್ದೆವು. ಗಿರೀಶ ತನ್ನ ಡಬ್ಬಿಯಲ್ಲಿ ಉಳಿದ ಚಿತ್ರಾನ್ನವನ್ನು ಚಮಚದಲ್ಲಿ ಕೆರೆಯುತ್ತಿದ್ದ. ಎದುರಿನ ದೊಡ್ಡ ಸ್ಕ್ರೀನಿನಲ್ಲಿ ಎಲ್ಲ ಚೌಕಗಳೂ ಹಸಿರಾಗಿದ್ದವು. ಆ ನಿಮಿಷದಲ್ಲಿ ಏನೋ ಕೆಟ್ಟಿತು ಎಂದು ನನಗೆ ಗೊತ್ತಾದದ್ದು ಆಮೇಲೆ, ಗಿರೀಶನನ್ನು ಆಂಬುಲೆನ್ಸಿನಲ್ಲಿ ಒಯ್ದು ಆದ ಮೇಲೆ.

ಈ ವರ್ಷ ಈಸ್ಟರ್‌ನ ಹಿಂದಿನ ದಿನ, ಎಲಿಕಾಟ್ ಸಿಟಿಯ ನಮ್ಮ ಮನೆಯಲ್ಲಿ ಮಗಳು ಬಣ್ಣ ಹಚ್ಚಲೆಂದು ಮೊಟ್ಟೆ ಬೇಯಲು ಇಟ್ಟು ಮರೆತಿದ್ದಳು. ನೀರು ಬತ್ತಿ, ಮೊಟ್ಟೆಗಳು ಒಡೆದು, ಗಂಧಕದ ಆ ವಾಸನೆ ಮೆಟ್ಟಿಲು ಹತ್ತಿ ಮೇಲೆ ಬಂತು. ನಾನು ಕೆಳಗೆ ಓಡಿ ಬಂದು ಅವಳ ತೋಳು ಹಿಡಿದು, ಚಪ್ಪಲಿಯೂ ಇಲ್ಲದೆ ಅಂಗಳಕ್ಕೆ ಎಳೆದುಕೊಂಡು ಹೋದೆ.

"ಮಮ್ಮಾ, ವಾಟ್ ಆರ್ ಯು ಡೂಯಿಂಗ್? ಬರೀ ಮೊಟ್ಟೆ ಅದು!"

ಬರೀ ಮೊಟ್ಟೆಯೇ. ಆದರೂ ಬಹಳ ಹೊತ್ತು ಅವಳ ತೋಳನ್ನು ನಾನು ಬಿಡಲಿಲ್ಲ. ಅವಳಿಗೆ ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದು ೨೦೦೬ರ ಬೇಸಿಗೆ, ಆಶ್‌ಬರ್ನ್. ಆ ಊರು ನನಗೆ ಒಂದು ದಿನವೂ ಒಗ್ಗಲಿಲ್ಲ. ಕಿಟಕಿಯೇ ಇಲ್ಲದ ಉದ್ದುದ್ದ ಕಟ್ಟಡಗಳು, ಅವುಗಳ ಬೆನ್ನಿಗೆ ಹಗಲಿಡೀ ಹೂಂಕರಿಸುವ ತಂಪು ಯಂತ್ರಗಳು, ನಡುವೆ ಅಗೆದು ಹಾಕಿದ ಕೆಂಪು ಮಣ್ಣು. ಕಟ್ಟಿ ಮುಗಿಯುವ ಮೊದಲೇ ಮಾರಾಟವಾದ ಟೌನ್‌ಹೌಸ್‌ಗಳು. ಕಾರಿಲ್ಲದೆ ಹಾಲು ತರಲೂ ಆಗದು. ಪ್ರತಿ ಸಂಜೆ ಆಕಾಶ ಕಪ್ಪಾಗಿ, ಗುಡುಗಿ, ನಾಲ್ಕು ಹನಿ ಉದುರಿಸಿ, ಮೊದಲಿಗಿಂತ ಹೆಚ್ಚು ಬೇಯಿಸಿ ಹೋಗುತ್ತಿತ್ತು. ನನ್ನ ಗಂಡ ರೊನಿ ಷಾರ್ಲೆಟ್‌ನಲ್ಲಿ ಬ್ಯಾಂಕೊಂದರ ಕೆಲಸದಲ್ಲಿದ್ದ. ನಾನು ಇಲ್ಲಿ ಗಿರೀಶ ಮತ್ತು ಅವನ ಹೆಂಡತಿ ವಾಣಿಯ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆ. ಅವರು ಬೆಂಗಳೂರಿನ ಬಸವನಗುಡಿಯವರು, ನಾನು ಬಂಟ್ವಾಳದ ಕಡೆಯವಳು. ಗಿರೀಶ ಮತ್ತು ನಾನು ಒಂದೇ ಕನ್ಸಲ್ಟಿಂಗ್ ಕಂಪೆನಿಯ ನೌಕರರು, ಒಂದೇ ಕಾರಿನಲ್ಲಿ ಒಂದೇ ಡೇಟಾ ಸೆಂಟರಿಗೆ ಹೋಗುತ್ತಿದ್ದೆವು. ಇಬ್ಬರದೂ ಎಚ್-ಒನ್ ವೀಸಾ, ಕೆಲಸ ಹೋದರೆ ದೇಶವನ್ನೇ ಬಿಡಬೇಕಾದದ್ದು.

ನಮ್ಮ ತಂಡದ ಲೀಡ್ ಶ್ರೀನಾಥ್, ಮೈಸೂರಿನವರು. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ನಿರೂಪಣೆ ಅವರದೇ. ಸಭೆಯಲ್ಲಿ ಜೇನಿನಂಥ ಮಾತು. ಆಫೀಸಿನಲ್ಲಿ ನಾನು ಬಾಯಿ ತೆರೆದರೆ ಸಾಕು, "ಶುರುವಾಯ್ತಪ್ಪ ಯಕ್ಷಗಾನ! ಸ್ವಲ್ಪ ಸಾಮಾನ್ಯ ಕನ್ನಡದಲ್ಲಿ ಹೇಳಿಮ್ಮಾ, ನಾವು ಬಡವರು" ಎಂದು ನಗುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅದೂ ಒಂದು ಸಿಟ್ಟು ನನಗೆ, ಈಗಲೂ.

ನಮ್ಮ ಕೆಲಸ ಇಷ್ಟು. ಡೇಟಾ ಸೆಂಟರಿಗೆ ಕರೆಂಟು ಹೋದರೆ ಆಸರೆಗೆಂದು ಒಂದು ರೂಮಿನ ತುಂಬ ದೊಡ್ಡ ದೊಡ್ಡ ಬ್ಯಾಟರಿಗಳಿರುತ್ತವೆ. ಅವು ಕೆಟ್ಟು ಕಾಯಲು ತೊಡಗಿದರೆ ವಿಷದ ಗಾಳಿ ಬಿಡುತ್ತವೆ, ಸಿಡಿಯಲೂಬಹುದು. ಅದನ್ನು ಅಳೆಯುವ ಪ್ಯಾನೆಲ್ ಕೆಳಗಿನ ಮಹಡಿಯ ಇಲೆಕ್ಟ್ರಿಕಲ್ ರೂಮಿನಲ್ಲಿತ್ತು. ಅಪಾಯ ಕಂಡರೆ ಪ್ಯಾನೆಲ್‌ನ ಕಂಪ್ಯೂಟರು ಒಂದು ಫೋಲ್ಡರಿನಲ್ಲಿ ಒಂದು ಸಣ್ಣ ಫೈಲ್ ಬರೆದು ಇಡುತ್ತಿತ್ತು. ನಮ್ಮ ಕಂಪ್ಯೂಟರಿನ ಪ್ರೋಗ್ರಾಮು ಐದು ಸೆಕೆಂಡಿಗೊಮ್ಮೆ ಆ ಫೋಲ್ಡರನ್ನು ಇಣುಕಿ ನೋಡುತ್ತಿತ್ತು. ಹೊಸ ಫೈಲ್ ಕಂಡರೆ ಸ್ಕ್ರೀನ್ ಕೆಂಪಾಗುತ್ತಿತ್ತು, ಭೋಂಗಾ ಕೂಗುತ್ತಿತ್ತು, ಬ್ಯಾಟರಿ ರೂಮಿನ ಬಾಗಿಲ ಮೇಲಿನ ಹಸಿರು ದೀಪ ಕೆಂಪಾಗುತ್ತಿತ್ತು. ಕೆಂಪಿದ್ದರೆ ಯಾರೂ ಒಳಗೆ ಹೋಗಬಾರದು. ಆ ದೀಪವೊಂದೇ ಎಲ್ಲರಿಗೂ ಗೊತ್ತಿದ್ದ ನಿಯಮ.

ಆ ವರ್ಷದ ವಸಂತದಲ್ಲಿ ಎರಡು ಬದಲಾವಣೆ ಒಟ್ಟಿಗೆ ಬಂದವು. ಆ ಫೋಲ್ಡರು ನಮ್ಮ ಕಂಪ್ಯೂಟರಿನ ಡಿಸ್ಕಿನಿಂದ ಎಲ್ಲ ಕಂಪ್ಯೂಟರುಗಳೂ ನೆಟ್‌ವರ್ಕಿನ ಮೂಲಕ ತಲುಪುವ ದೊಡ್ಡ ಸ್ಟೋರೇಜಿಗೆ ಹೋಯಿತು. ಎರಡನೆಯದು, ಇಣುಕಿ ನೋಡುವುದು ಹಳೆಯ ಕ್ರಮವೆಂದು ಶ್ರೀನಾಥ್ ತೀರ್ಮಾನಿಸಿದರು. ಲಿನಕ್ಸಿನಲ್ಲಿ ಆಗಷ್ಟೇ ಒಂದು ಹೊಸ ಸೌಲಭ್ಯ ಬಂದಿತ್ತು. ಫೋಲ್ಡರಿನಲ್ಲಿ ಬದಲಾವಣೆಯಾದರೆ ಸಿಸ್ಟಮ್ಮೇ ನಮಗೆ ಸುದ್ದಿ ಮುಟ್ಟಿಸುತ್ತದೆ, ನಾವು ಪದೇಪದೇ ಹೋಗಿ ಕೇಳಬೇಕಾಗಿಲ್ಲ. ಗಿರೀಶ ಅದನ್ನು ಬರೆದ. ಖುಷಿಯಲ್ಲಿ ಬರೆದ. ಕಾರಿನಲ್ಲಿ ಸ್ಟೀರಿಂಗ್ ಬಡಿಯುತ್ತಾ ಹೇಳಿದ್ದ, "ಇನ್ಮೇಲೆ ನಾವು ಹೋಗಿ ನೋಡೋದಲ್ಲ ಐರಿನ್, ಫೋಲ್ಡರೇ ನಮ್ಮನ್ನ ಕರಿಯುತ್ತೆ. ಮಾವನ ಮನೆಯವರು ಹಬ್ಬಕ್ಕೆ ಕರೆದ ಹಾಗೆ."

ಪರೀಕ್ಷೆಯ ದಿನ ಗಿರೀಶ, "ಪ್ಯಾನೆಲ್ ಹತ್ರ ಹೋಗಿ ಟೆಸ್ಟ್ ಬಟನ್ ಒತ್ತಿ ನೋಡೋಣ್ವಾ?" ಎಂದು ಕೇಳಿದ. ನಮ್ಮಂಥ ಕಾಂಟ್ರಾಕ್ಟ್‌ನವರು ಇಲೆಕ್ಟ್ರಿಕಲ್ ರೂಮಿಗೆ ಹೋಗಬೇಕಾದರೆ ಕಟ್ಟಡದವರೊಬ್ಬರು ಜೊತೆಗೆ ಬರಬೇಕು, ಅದಕ್ಕೆ ಮೊದಲೇ ಕೇಳಿಕೊಳ್ಳಬೇಕು. ಹೀಗೆ ಜೊತೆಗಾರರನ್ನು ಕೇಳುತ್ತಾ ಹೋದರೆ ಕ್ಲೈಂಟಿಗೆ ನಮ್ಮ ಕೆಲಸ ನಿಧಾನ ಎಂದು ಅನಿಸುತ್ತದೆ ಎಂಬುದು ಶ್ರೀನಾಥರ ಚಿಂತೆ. ಹಾಗಾಗಿ ನಮ್ಮಲ್ಲಿ ಒಂದು ಅಭ್ಯಾಸ ಬೆಳೆದಿತ್ತು: ಕೂತಲ್ಲಿಂದಲೇ ಆಗುವ ಪರೀಕ್ಷೆಯನ್ನು ಕೂತಲ್ಲಿಂದಲೇ ಮಾಡುವುದು. "ಯಾಕ್ರೀ ಅಷ್ಟು ದೂರ? ಫೈಲ್ ತಾನೆ? ಇಲ್ಲಿಂದ್ಲೇ ಒಂದು ಹಾಕಿ" ಎಂದರು. ಗಿರೀಶ ಹಾಕಿದ. ಸ್ಕ್ರೀನ್ ಕೆಂಪಾಯಿತು, ಭೋಂಗಾ ಕೂಗಿತು, ಮೇಲಿನ ಮಹಡಿಯ ಬ್ಯಾಟರಿ ರೂಮಿನ ದೀಪವೂ ಕೆಂಪಾಗಿದೆ ಎಂದು ಫೋನು ಬಂತು. ಶ್ರೀನಾಥ್ ಮೈಸೂರು ಪಾಕು ಹಂಚಿದರು. ಮುಂದಿನ ತಿಂಗಳು ಅದೇ ಪ್ರೋಗ್ರಾಮನ್ನು ಕ್ಲೈಂಟಿನ ಷಾರ್ಲೆಟ್ ಕಟ್ಟಡಕ್ಕೂ ನಾನೇ ಹೋಗಿ ಹಾಕಿ ಬಂದೆ.

ಆ ಗುರುವಾರ, ಮೂರು ಗಂಟೆ ದಾಟಿತ್ತು. ಬ್ಯಾಟರಿ ರೂಮಿನ ಒಂದು ಸೆನ್ಸರಿನ ನಂಬರು ನಮ್ಮ ಪಟ್ಟಿಗೆ ಹೊಂದುತ್ತಿರಲಿಲ್ಲ. ಅದರ ಮೇಲಿನ ಚೀಟಿ ಓದಿ ಬರಲು ಗಿರೀಶ ಹೊರಟ. ನಾನೂ ಜೊತೆಗೆ ಹೋದೆ. ಕಟ್ಟಡದ ಡಾರ್ನೆಲ್ ನಮ್ಮನ್ನು ಕರೆದೊಯ್ದ. ದಕ್ಷಿಣ ಕ್ಯಾರೊಲೈನಾದಿಂದ ಬಂದ, ಎತ್ತರದ, ಹಾಡು ಗುನುಗುತ್ತಾ ನಡೆಯುವ ಮನುಷ್ಯ. ರೂಮಿನ ಗಾಳಿ ಹೊರಹಾಕುವ ಫ್ಯಾನಿನ ಬೆಲ್ಟು ತುಂಡಾಗಿ ಕೆಲವು ದಿನಗಳಾಗಿದ್ದವು. ಹೊಸದು ಬರಬೇಕಿತ್ತು. ದೀಪವಿದೆಯಲ್ಲ ಎಂದು ಎಲ್ಲರೂ ಸುಮ್ಮನಿದ್ದರು.

ಬಾಗಿಲ ಮೇಲೆ ದೀಪ ಹಸಿರಾಗಿತ್ತು. ಡಾರ್ನೆಲ್ ತಲೆಯೆತ್ತಿ ನೋಡಿ, "ವೀ ಆರ್ ಗುಡ್" ಎಂದು ಕಾರ್ಡು ಉಜ್ಜಿದ. ಬಾಗಿಲು ತೆರೆದೊಡನೆ ಬಿಸಿ ಮುಖಕ್ಕೆ ಹೊಡೆಯಿತು. ಕೊಳೆತ ಮೊಟ್ಟೆಯ ವಾಸನೆ.

"ಥೂ, ಯಾರೋ ಲಂಚ್ ಬಾಕ್ಸ್ ಮರೆತು ಹೋಗಿದಾರೆ" ಎಂದ ಗಿರೀಶ, ನನ್ನ ಕಡೆ ತಿರುಗಿ. "ನೀವು ಮಂಗ್ಳೂರಿನವ್ರು ಒಣಮೀನು ತಿನ್ನೋರು, ನಿಮ್ಗೆ ಇದೆಲ್ಲ ಏನೂ ಅನ್ಸಲ್ಲ ಬಿಡು."

"ಹೋಗು ಮಾರಾಯ, ಬೇಗ ಓದಿ ಬಾ" ಎಂದೆ.

ಅವನು ಮೂಗು ಹಿಡಿದು ಒಳಗೆ ಹೋದ. ನಾನು ಬಾಗಿಲನ್ನು ಹಿಡಿದು ನಿಂತೆ. ಕೊನೆಯ ಸಾಲಿನವರೆಗೆ ನಡೆದ. ಅಲ್ಲಿ ಮೂಗಿನಿಂದ ಕೈ ತೆಗೆದ. "ಈಗ ವಾಸನೆ ಇಲ್ಲ ಕಣೇ" ಎಂದು ಕೂಗಿದ. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಆ ಗಾಳಿ ಹೆಚ್ಚಾದಾಗ ಮೊದಲು ಮೂಗನ್ನೇ ಕೊಲ್ಲುತ್ತದೆಯಂತೆ, ವಾಸನೆ ಇಲ್ಲವೆಂದರೆ ಅಪಾಯ ಹೋಯಿತು ಎಂದಲ್ಲವಂತೆ. ಅದು ನನಗೆ ಆಸ್ಪತ್ರೆಯಲ್ಲಿ ತಿಳಿಯಿತು. ಅವನು ಚೀಟಿ ಓದಲು ಬಗ್ಗಿದ. ಹಾಗೆಯೇ ಮೊಣಕಾಲೂರಿದ. ಏನೋ ಬಿತ್ತು, ಹುಡುಕುತ್ತಿದ್ದಾನೆ ಎಂದುಕೊಂಡೆ. ಆಗ ಪಕ್ಕದ ಸಾಲಿನಿಂದ ಒಂದು ಸದ್ದು, ಕುಕ್ಕರಿನ ಮುಚ್ಚಳ ಹಾರಿದಂತೆ. ಬಿಳಿ ಹೊಗೆ. ಡಾರ್ನೆಲ್ ನನ್ನನ್ನು ದೂಡಿಕೊಂಡು, ಉಸಿರು ಕಟ್ಟಿ ಒಳಗೆ ನುಗ್ಗಿದ. ಗಿರೀಶನನ್ನು ಕಂಕುಳಲ್ಲಿ ಹಿಡಿದು ಎಳೆದು ತಂದ. ನಾನು ಅವನ ಅಂಗಿಯನ್ನು ಹಿಡಿದು ಎಳೆದೆ. ಅಂಗಿ ಒದ್ದೆಯಾಗಿತ್ತು. ಅದು ಆ್ಯಸಿಡ್ ಎಂದು ಅಂಗೈ ಉರಿದ ಮೇಲೆ ಗೊತ್ತಾಯಿತು. ಕಾರಿಡಾರಿನಲ್ಲಿ ಅಂಗಾತ ಮಲಗಿದ್ದ ಗಿರೀಶನ ಬಾಯಲ್ಲಿ ನೊರೆ. ಅವನ ತಲೆಯ ಮೇಲೆ, ಬಾಗಿಲ ಚೌಕಟ್ಟಿನಲ್ಲಿ, ದೀಪ ಹಸಿರಾಗಿಯೇ ಇತ್ತು.

ಆಂಬುಲೆನ್ಸ್ ಹೋದ ಮೇಲೆ, ನನ್ನ ಕೈಗೆ ಬ್ಯಾಂಡೇಜ್ ಸುತ್ತಿ, ಬ್ಯಾಗು ತೆಗೆದುಕೊಂಡು ಬನ್ನಿ ಎಂದು ಸೀಟಿಗೆ ಕಳಿಸಿದರು. ಸ್ಕ್ರೀನ್ ಪೂರ್ತಿ ಹಸಿರು. ಎಡಗೈಯಲ್ಲಿ ಆ ಫೋಲ್ಡರನ್ನು ತೆರೆದೆ. ಪ್ಯಾನೆಲ್ ಬರೆದ ಫೈಲ್ ಅಲ್ಲೇ ಕೂತಿತ್ತು. ಸಮಯ: ಎರಡು ನಲವತ್ತು. ನಾವು ಬಾಗಿಲು ತೆರೆಯುವ ಮೊದಲೇ ಪ್ಯಾನೆಲ್ ಕೂಗಿ ಹೇಳಿತ್ತು. ಕೇಳಬೇಕಾಗಿದ್ದ ಪ್ರೋಗ್ರಾಮು ಕೇಳಿಸಿಕೊಂಡಿರಲಿಲ್ಲ. ತಪ್ಪಾಗಿದೆ ಎಂದು ಒಂದು ಸಾಲೂ ಬರೆದಿರಲಿಲ್ಲ.

ಆಸ್ಪತ್ರೆಗೆ ಶ್ರೀನಾಥ್ ನನಗಿಂತ ಮೊದಲೇ ಬಂದಿದ್ದರು. ಗಿರೀಶನ ಗಂಟಲಿಗೆ ನಳಿಕೆ ಹಾಕಿ ಯಂತ್ರದಿಂದ ಉಸಿರಾಡಿಸುತ್ತಿದ್ದರು. ವಾಣಿ ಕುರ್ಚಿಯಲ್ಲಿ ಚಪ್ಪಲಿ ಬಿಟ್ಟು, ಕಾಲು ಮಡಚಿ ಕುಳಿತಿದ್ದಳು. ಶ್ರೀನಾಥ್ ನನ್ನನ್ನು ಕಾಫಿ ಮೆಷಿನ್ ಪಕ್ಕಕ್ಕೆ ಕರೆದರು. ಫೈಲಿನ ವಿಷಯ ಹೇಳಿದೆ.

"ಫೈಲ್ ಬಂದಿದೆ ಅಂದ್ರೆ ಅಲಾರಂ ಬಂದಿದೆ ಅಂತ ತಾನೆ ಅರ್ಥ?"

"ಇಲ್ಲ ಶ್ರೀನಾಥ್, ಫೈಲ್ ಬಂದಿದೆ. ದೀಪ ಕೆಂಪಾಗಲಿಲ್ಲ. ನಾನು ಅಲ್ಲೇ ನಿಂತಿದ್ದೆ."

"ನಿಮ್ಗೆ ಶಾಕ್ ಆಗಿದೆಯಮ್ಮಾ. ಕೈ ನೋಡ್ಕೊಳ್ಳಿ. ಇವತ್ತು ಯಾರ ಹತ್ರಾನೂ ಏನೂ ಮಾತಾಡ್ಬೇಡಿ."

ಮರುದಿನ ಕ್ಲೈಂಟಿನವರನ್ನು ಕೂರಿಸಿಕೊಂಡು ಅವರು ಪ್ರದರ್ಶನ ಮಾಡಿದರು. ನಾನೂ ಇದ್ದೆ, ಡಾರ್ನೆಲ್ ಕೂಡ ಇದ್ದ. ಶ್ರೀನಾಥ್ ನಮ್ಮ ಕಂಪ್ಯೂಟರಿನ ಮುಂದೆ ಕೂತು, ಅದೇ ಫೋಲ್ಡರಿನಲ್ಲಿ ಒಂದು ಫೈಲ್ ಹಾಕಿದರು. ಸ್ಕ್ರೀನ್ ಕೆಂಪಾಯಿತು. ಭೋಂಗಾ ಕೂಗಿತು. ಮೇಲೆ ನಿಂತವನು ಫೋನಿನಲ್ಲಿ "ರೆಡ್" ಎಂದ. ಮತ್ತೊಮ್ಮೆ ಹಾಕಿದರು, ಮತ್ತೊಮ್ಮೆ ಕೆಂಪು. ಕ್ಲೈಂಟಿನ ಮ್ಯಾನೇಜರು ನನ್ನನ್ನು ಕರುಣೆಯಿಂದ ನೋಡಿದ. ಆ ನೋಟಕ್ಕಿಂತ ಕೆಟ್ಟದ್ದನ್ನು ನಾನು ಕಂಡಿಲ್ಲ.

ಊಟದ ಹೊತ್ತಿಗೆ ವರದಿ ತಯಾರಾಯಿತು. ಎಚ್ಚರಿಕೆಯ ದೀಪವನ್ನು ಗಮನಿಸದೆ ಸಿಬ್ಬಂದಿ ಒಳಗೆ ಹೋದರು, ಇಷ್ಟೇ. ನಾನು ಪಾರ್ಕಿಂಗ್ ಲಾಟಿನಲ್ಲಿ ಡಾರ್ನೆಲ್‌ನನ್ನು ಹಿಡಿದು ಕೇಳಿದೆ. ಅವನು ಬಹಳ ಹೊತ್ತು ಬೂಟಿನಿಂದ ಜಲ್ಲಿ ಸರಿಸಿದ. ಹಸಿರು ನೋಡಿದೆ ಎಂದೇ ನೆನಪು ಎಂದ. ಆದರೆ ಆ ಬಾಗಿಲಿಗೆ ಅದೆಷ್ಟು ಸಲ ಹೋಗಿದ್ದೇನೆಂದರೆ, ಹಸಿರಲ್ಲದೆ ಬೇರೇನೂ ನೆನಪಾಗುವುದೇ ಇಲ್ಲ, ಪ್ರಮಾಣ ಮಾಡಿ ಹೇಳು ಎಂದರೆ ಆಗದು ಎಂದ. ಅವನ ಮೇಲೆ ನನಗೆ ಸಿಟ್ಟು ಬಂತು. ಅವನೇ ಗಿರೀಶನ ಜೀವ ಉಳಿಸಿದವನು, ಆದರೂ ಬಂತು.

ಆಮೇಲೆ ಸಂದೇಹ ನನ್ನೊಳಗೂ ಹೊಕ್ಕಿತು. ಕಣ್ಣು ಮುಚ್ಚಿದರೆ ಬಾಗಿಲು, ದೀಪ. ಒಮ್ಮೆ ಹಸಿರು, ಒಮ್ಮೆ ಕೆಂಪು. ಕೆಂಪಿದ್ದಾಗಲೇ ನಾನು "ಬೇಗ ಓದಿ ಬಾ" ಎಂದೆನೇ? ನಿದ್ದೆ ಹೋಯಿತು. ತೂಕಡಿಸಿದರೆ ಕುಕ್ಕರಿನ ಮುಚ್ಚಳ ಹಾರುತ್ತಿತ್ತು.

ವಾರ ಕಳೆಯಿತು. ಶನಿವಾರ ಗಿರೀಶನ ನಳಿಕೆ ತೆಗೆದರು. ನಾನು ಹೋದಾಗ ವಾಣಿ ಅವನ ತುಟಿಗೆ ಐಸಿನ ಚೂರು ಮುಟ್ಟಿಸುತ್ತಿದ್ದಳು. ಅವನ ದನಿ ಹರಿದ ಕಾಗದದ ಹಾಗಿತ್ತು.

"ಐರಿನ್... ನಿಜ ಹೇಳು. ಕೆಂಪಿತ್ತಾ?"

"ಹಸಿರಿತ್ತು."

"ಶ್ರೀನಾಥ್ ಬಂದಿದ್ರು... ಕೆಂಪಿತ್ತು, ನಾನೇ ನೋಡ್ಲಿಲ್ಲ ಅಂದ್ರು. ನಂಗೆ ನೆನಪಿಲ್ಲ ಕಣೆ. ಅಷ್ಟು ದಡ್ಡನಾ ನಾನು?" ಅವನ ಕಣ್ಣಿಂದ ನೀರು ಇಳಿಯಿತು.

ವಾಣಿ ನನ್ನನ್ನು ಹೊರಗೆ ಕರೆದು ಬಾಗಿಲು ಮುಚ್ಚಿದಳು. "ಸಾಕು ನಿಲ್ಸು. ನಮ್ಮ ಗ್ರೀನ್ ಕಾರ್ಡ್ ಫೈಲ್ ಆಗಿರೋದು ಈ ಕಂಪೆನಿ ಮೂಲಕ. ಇವನ ಇನ್ಶೂರೆನ್ಸ್ ಈ ಕಂಪೆನಿದು. ಶ್ರೀನಾಥ್ ಎಲ್ಲ ನೋಡ್ಕೋತೀನಿ ಅಂದಿದಾರೆ. ಕೆಂಪೋ ಹಸಿರೋ, ಯಾವ್ದಾದ್ರೆ ಏನೀಗ? ಬದುಕಿದಾನಲ್ಲ!"

"ಅವನು ತನ್ನದೇ ತಪ್ಪು ಅಂತ ಅಳುತ್ತಿದ್ದಾನೆ ವಾಣಿ."

"ಅಳ್ಲಿ. ಉಸಿರಾಡ್ಕೊಂಡು ಅಳ್ತಿದಾನೆ ತಾನೆ? ನಿನ್ನ ಗಂಡನಿಗೆ ಬ್ಯಾಂಕ್ ಕೆಲಸ ಇದೆ, ನೀನು ಹರಿಶ್ಚಂದ್ರ ಆಗ್ಬಹುದು."

ಬೈಗುಳವಾಗಿದ್ದರೆ ಸಹಿಸಬಹುದಿತ್ತು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು, ಕಾರಿನಲ್ಲಿ ಕೂತು, ಗಿರೀಶನ ಪರೀಕ್ಷೆಯನ್ನೂ ಶ್ರೀನಾಥರ ಪ್ರದರ್ಶನವನ್ನೂ ಎರಡು ನಲವತ್ತರ ಫೈಲನ್ನೂ ಪಕ್ಕಪಕ್ಕ ಇಟ್ಟು ಯೋಚಿಸಿದೆ. ಗಿರೀಶ ಹಾಕಿದಾಗ ಕೆಂಪು. ಶ್ರೀನಾಥ್ ಹಾಕಿದಾಗ ಕೆಂಪು. ಪ್ಯಾನೆಲ್ ಹಾಕಿದಾಗ ಇಲ್ಲ. ಫೋಲ್ಡರು ಒಂದೇ, ಫೈಲೂ ಒಂದೇ ಬಗೆಯದು. ಬೇರೆಯಾದದ್ದು ಹಾಕಿದ ಕಂಪ್ಯೂಟರು.

ಒಂದು ಉಗ್ರಾಣವಿದೆ ಎಂದುಕೊಳ್ಳಿ, ಅದಕ್ಕೆ ಎರಡು ಮನೆಗಳಿಂದ ಎರಡು ಬಾಗಿಲು. ನಮ್ಮ ಬಾಗಿಲಿಗೆ ನಾವು ಗಂಟೆ ಕಟ್ಟಿದ್ದೇವೆ. ನಾವೇ ಒಳಗೆ ಹೋಗಿ ಅಕ್ಕಿ ಇಟ್ಟರೆ ಗಂಟೆ ಮೊಳಗುತ್ತದೆ. ಆಚೆ ಮನೆಯವರು ಅವರ ಬಾಗಿಲಿಂದ ಬಂದು ಬೆಂಕಿಯನ್ನೇ ಇಟ್ಟು ಹೋದರೂ ನಮ್ಮ ಗಂಟೆಗೆ ತಿಳಿಯದು. ಹೋಗಿ ಇಣುಕಿದರೆ ಮಾತ್ರ ಕಾಣುತ್ತದೆ. ಆ ಹೊಸ ಸೌಲಭ್ಯವೂ ಹಾಗೆಯೇ. ಅದಕ್ಕೆ ಗೊತ್ತಾಗುವುದು ತನ್ನದೇ ಕಂಪ್ಯೂಟರಿನ ಮೂಲಕ ಆದ ಬದಲಾವಣೆ ಮಾತ್ರ. ನೆಟ್‌ವರ್ಕಿನ ಆಚೆಯಿಂದ ಇನ್ನೊಂದು ಕಂಪ್ಯೂಟರು ಬರೆದದ್ದನ್ನು ಅದು ಕಾಣದು. ಕಾಣದು ಎಂದು ಮೊದಲೇ ಹೇಳಿದ್ದರೆ ಆಗುತ್ತಿತ್ತು. ಆ ಫೋಲ್ಡರನ್ನು ಕಾಯುತ್ತೀಯಾ ಎಂದು ಕೇಳಿದರೆ ಆಗಲಿ ಎಂದು ಒಪ್ಪಿಕೊಂಡು, ಕುರುಡಾಗಿ ಕೂತುಬಿಡುತ್ತದೆ. ಕೂತಲ್ಲಿಂದಲೇ ಪರೀಕ್ಷೆ ಮಾಡುವ ನಮ್ಮಂಥವರಿಗೆಂದೇ ಹೆಣೆದ ಬಲೆ ಅದು.

ಶ್ರೀನಾಥರಿಗೆ ಫೋನ್ ಮಾಡಿ ಹೇಳಿದೆ. ಪ್ಯಾನೆಲ್‌ನ ಟೆಸ್ಟ್ ಬಟನ್ ಒತ್ತಿಸಿ ಎಂದು ಬೇಡಿಕೊಂಡೆ. ಹಿಂದೆ ಮಕ್ಕಳ ಗದ್ದಲ, ಯಾವುದೋ ಪಾಟ್‌ಲಕ್ ಊಟ. ಅವರು ಆಚೆ ಹೋಗಿ ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ಅಷ್ಟರಲ್ಲೇ ಅವರಿಗೆ ಅರ್ಥವಾಗಿತ್ತು ಎಂದು ನಾನು ಇಂದಿಗೂ ನಂಬಿದ್ದೇನೆ.

"ಅಲ್ಲಿ ಬ್ಯಾಟರಿ ಎಲ್ಲ ತೆಗೆದು ಹಾಕಿದಾರೆ. ಈಗ ಒತ್ತಿ ಯಾರನ್ನ ಕಾಪಾಡ್ತೀರಿ?"

"ಷಾರ್ಲೆಟ್‌ನಲ್ಲಿ ಇದೇ ಪ್ರೋಗ್ರಾಮ್ ಇದೆಯಲ್ಲ. ಸೋಮವಾರ ಬೆಳಿಗ್ಗೆ ಮೇಂಟೆನೆನ್ಸ್‌ನವರು ಬ್ಯಾಟರಿ ರೂಮಿಗೆ ಹೋಗುತ್ತಾರೆ."

"ಅಲ್ಲಿ ಫ್ಯಾನ್ ಸರಿಯಾಗಿದೆ. ನಾಲ್ಕು ದಿನ ತಡೀರಿ, ಸದ್ದಿಲ್ಲದೆ ಹಳೆ ಪ್ರೋಗ್ರಾಮ್ ಹಾಕೋಣ. ಈಗ ನೀವು ಬಾಯಿ ಬಿಟ್ರೆ ನಮ್ಮ ಹದಿನಾಲ್ಕು ಜನ ಮನೆಗೆ. ಎಲ್ಲರದೂ ವೀಸಾ. ನಿಮ್ಮ ಜಪಮಾಲೆ ಅವರಿಗೆ ಅನ್ನ ಹಾಕುತ್ತಾ, ಐರಿನ್ ಅವರೇ?"

ಷಾರ್ಲೆಟ್ ಕಟ್ಟಡದಲ್ಲಿ ವಾರಾಂತ್ಯದ ಪಾಳಿ ನೋಡುತ್ತಿದ್ದವಳು ಬ್ರೆಂಡಾ. ಪ್ರೋಗ್ರಾಮು ಹಾಕಲು ಹೋದಾಗ ಪರಿಚಯವಾಗಿತ್ತು. ಫೋನಿನಲ್ಲಿ ಅವಳು ಸೌಜನ್ಯದಿಂದಲೇ ಆಗದು ಎಂದಳು. ಕೆಲಸದ ಕೋರಿಕೆಯ ಟಿಕೆಟ್ ಇಲ್ಲದೆ ಪ್ಯಾನೆಲ್ ಮುಟ್ಟುವ ಹಾಗಿಲ್ಲ, ಟಿಕೆಟ್ ನಿಮ್ಮ ಲೀಡ್ ಕಳಿಸಬೇಕು, ಆ ಲೀಡ್ ಎಲ್ಲ ಪರೀಕ್ಷಿಸಿದ್ದೇವೆ, ಸರಿಯಿದೆ ಎಂದು ಆಗಲೇ ಬರೆದಿದ್ದಾರೆ.

ಭಾನುವಾರ ಇಗರ್ಜಿಯ ಪೂಜೆಗೂ ಹೋಗದೆ ಷಾರ್ಲೆಟ್‌ಗೆಂದು ಕಾರು ಹತ್ತಿದೆ. ರಿಚ್‌ಮಂಡ್ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಬರೀ ಪೈನ್ ಮರಗಳ ಗೋಡೆ. ಡರಂ ಹತ್ತಿರ ಮಳೆ ಎಂಥದ್ದು ಹೊಡೆಯಿತೆಂದರೆ, ಲಾರಿಗಳೇ ಬದಿಗೆ ನಿಂತವು. ನಾನು ನಿಲ್ಲಲಿಲ್ಲ. ಬ್ಯಾಂಡೇಜಿನ ಕೈ ಸ್ಟೀರಿಂಗಿಗೆ ಅಂಟುತ್ತಿತ್ತು. ದಾರಿಯುದ್ದಕ್ಕೂ ಶ್ರೀನಾಥರ ಜೊತೆ ಜಗಳವಾಡಿದೆ, ಜೋರಾಗಿ, ನನ್ನ ಆ ಪುಸ್ತಕದ ಕನ್ನಡದಲ್ಲೇ. ಅವರು ಹೇಳಿದ ಹದಿನಾಲ್ಕು ಜನರೂ ಹಿಂದಿನ ಸೀಟಿನಲ್ಲಿ ಕೂತಿದ್ದರು. ಅವರ ಮಕ್ಕಳ ಶಾಲೆ, ಮನೆಯ ಸಾಲ, ಎಲ್ಲವೂ ನನಗೆ ಗೊತ್ತಿತ್ತು. ನಾನು ಹಿಂದೆ ತಿರುಗಿ ನೋಡಲಿಲ್ಲ ಅಷ್ಟೆ.

ಷಾರ್ಲೆಟ್‌ನಲ್ಲಿ ನನ್ನ ಕಾರ್ಡಿಗೆ ಕಾರಿಡಾರಿನವರೆಗಿನ ಬಾಗಿಲು ಇನ್ನೂ ತೆರೆಯುತ್ತಿತ್ತು. ಬ್ರೆಂಡಾ ಮೇಜಿನ ಹಿಂದಿನಿಂದ ಎದ್ದು, "ಆಗದು ಎಂದೆನಲ್ಲ" ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದಳು. ನಾನು ವಾದಿಸಲಿಲ್ಲ. ಬ್ಯಾಂಡೇಜ್ ಬಿಚ್ಚಿ ಅಂಗೈ ತೋರಿಸಿದೆ. ಇದು ಹೊರಗೆ ನಿಂತವಳ ಕೈ, ಒಳಗೆ ಹೋದವನ ಪುಪ್ಪುಸ ಹೇಗಿರಬಹುದು ಯೋಚಿಸು, ಒಂದೇ ಒಂದು ಸಲ ಬಟನ್ ಒತ್ತು, ಕೆಂಪಾದರೆ ನಾನು ಸುಮ್ಮನೆ ಹೊರಟುಹೋಗುತ್ತೇನೆ ಎಂದೆ.

ಅವಳು ನನ್ನ ಕೈಯನ್ನೇ ನೋಡಿದಳು. ಒಂದು ವಾಕಿಟಾಕಿ ನನಗೆ ಕೊಟ್ಟು ಕೆಳಗಿಳಿದಳು.

ನಾನು ಬ್ಯಾಟರಿ ರೂಮಿನ ಬಾಗಿಲ ಮುಂದೆ ನಿಂತೆ. ಅದೇ ಬಗೆಯ ಬಾಗಿಲು, ಅದೇ ಬಗೆಯ ದೀಪ. ನಾನು ಬಯಸುತ್ತಿದ್ದದ್ದು ಏನು ಎಂದು ಆಗ ನನಗೇ ಹೆದರಿಕೆಯಾಯಿತು. ಕೆಂಪಾದರೆ ಈ ಕಟ್ಟಡ ಸುರಕ್ಷಿತ, ನಾನು ಸುಳ್ಳಿ, ಗಿರೀಶ ದಡ್ಡ. ಹಸಿರೇ ಉಳಿದರೆ ನಾಳೆ ಬೆಳಿಗ್ಗೆ ಇಲ್ಲಿಗೆ ಬರುವವರ ಮೇಲೆ ಸಾವು ತೂಗುತ್ತಿದೆ. ನಾನು ಹಸಿರನ್ನೇ ಬೇಡುತ್ತಿದ್ದೆ.

ವಾಕಿಟಾಕಿ ಗೊರಗುಟ್ಟಿತು. "ಒತ್ತಿದೆ" ಎಂದಳು ಬ್ರೆಂಡಾ.

ಹಸಿರು.

"ಏನಾಯಿತು?"

"ಹಸಿರು."

"ಸರಿಯಾದ ಬಾಗಿಲ ಮುಂದೆ ನಿಂತಿದ್ದೀಯಾ?"

"ನೀನೇ ಬಂದು ನೋಡು."

ಅವಳು ಪ್ಯಾನೆಲ್ ಹತ್ತಿರ ಕಾವಲುಗಾರನನ್ನು ನಿಲ್ಲಿಸಿ ಏದುಸಿರು ಬಿಡುತ್ತಾ ಮೇಲೆ ಬಂದಳು. ವಾಕಿಟಾಕಿಯಲ್ಲಿ ಅವನಿಗೆ ಒತ್ತು ಎಂದಳು. ಒತ್ತಿದೆ ಎಂದ. ಮತ್ತೆ ಒತ್ತು ಎಂದಳು. ಇಬ್ಬರೂ ತಲೆಯೆತ್ತಿ ನಿಂತೆವು. ಆ ದೀಪ ಎಷ್ಟು ಚೆನ್ನಾಗಿ, ಎಷ್ಟು ಸ್ಥಿರವಾಗಿ ಉರಿಯುತ್ತಿತ್ತೆಂದರೆ, ಕಲ್ಲು ತೆಗೆದು ಹೊಡೆಯಬೇಕು ಅನಿಸಿತು. ಬ್ರೆಂಡಾ ಹೋಗಿ, ಹಳದಿ ಪಟ್ಟಿಯ ಸುರುಳಿ ತಂದು, ಬಾಗಿಲಿಗೆ ಅಡ್ಡಡ್ಡ ಸುತ್ತತೊಡಗಿದಳು. ಆಮೇಲೆ ಕೆಳಗೆ ಹೋಗಿ ತನ್ನ ಮೇಲಿನವರಿಗೆ ಫೋನ್ ಮಾಡಿದಳು.

ಸೋಮವಾರ ಬೆಳಿಗ್ಗೆ ಮೇಂಟೆನೆನ್ಸ್‌ನವರು ಬರಲಿಲ್ಲ. ಮಧ್ಯಾಹ್ನದೊಳಗೆ ಎರಡೂ ಕಟ್ಟಡಗಳಲ್ಲಿ, ಐದು ಸೆಕೆಂಡಿಗೊಮ್ಮೆ ಹೋಗಿ ಇಣುಕುವ ಹಳೆಯ ಪ್ರೋಗ್ರಾಮನ್ನೇ ಹಾಕಿಸಿದರು. ಪ್ಯಾನೆಲ್‌ನ ಬಟನ್ ಒತ್ತಿ, ಕೆಂಪು ಕಂಡ ಮೇಲೆಯೇ ಒಪ್ಪಿದರಂತೆ. ಮೂರು ಗಂಟೆಗೆ ನಮ್ಮ ಕಂಪೆನಿಯಿಂದ ನನಗೆ ಮೇಲ್ ಬಂತು: ಅನುಮತಿಯಿಲ್ಲದೆ ಕ್ಲೈಂಟಿನ ಕಟ್ಟಡ ಪ್ರವೇಶಿಸಿದ್ದಕ್ಕೆ ಕೆಲಸದಿಂದ ತೆಗೆಯಲಾಗಿದೆ. ನನ್ನ ಸಾಮಾನುಗಳನ್ನು ಗ್ಯಾರೇಜಿನಲ್ಲಿ ಇಟ್ಟಿದ್ದೇನೆ ಎಂದು ವಾಣಿಯದೂ ಒಂದು ಸಾಲು ಬಂದಿತ್ತು.

ಸಂಜೆ ರೊನಿಯ ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ವಾಣಿಯ ನಂಬರಿಗೆ ಫೋನ್ ಮಾಡಿದೆ. ಎತ್ತಿದಳು.

"ಏನು?"

"ಅವನ ಕಿವಿಗೆ ಫೋನು ಹಿಡಿ ವಾಣಿ. ಒಂದು ನಿಮಿಷ."

"ಹದಿನಾಲ್ಕು ಮನೆ ಹಾಳು ಮಾಡಿದ್ದು ಸಾಲ್ದಾ?"

"ಒಂದೇ ನಿಮಿಷ."

ಬಟ್ಟೆ ಸರಿದ ಸದ್ದು. ಆಮೇಲೆ ಅವನ ಉಸಿರು, ಒರಟಾಗಿ, ಹತ್ತಿರದಲ್ಲಿ.

"ಗಿರೀಶ್, ಹಸಿರೇ ಇತ್ತು. ಷಾರ್ಲೆಟ್‌ನಲ್ಲಿ ಪ್ಯಾನೆಲ್‌ನಿಂದಲೇ ಒತ್ತಿಸಿ ನೋಡಿದೆ. ಅಲ್ಲಿಯೂ ಕೆಂಪಾಗಲಿಲ್ಲ. ನೀನು ನೋಡಿಯೇ ಒಳಗೆ ಹೋದದ್ದು."

ಉಸಿರು ನಿಂತು ಮತ್ತೆ ಶುರುವಾಯಿತು. ಅವನು ಅಳುತ್ತಿದ್ದಾನೋ ಲೆಕ್ಕ ಹಾಕುತ್ತಿದ್ದಾನೋ ತಿಳಿಯಲಿಲ್ಲ.

"ಅಂದ್ರೆ... ನೆಟ್‌ವರ್ಕ್ ಆಚೆಯಿಂದ ಬರೆದ್ರೆ ಅದಕ್ಕೆ ಗೊತ್ತೇ ಆಗಲ್ಲ?"

"ಗೊತ್ತಾಗುವುದಿಲ್ಲ."

"ನಾವು ಟೆಸ್ಟ್ ಮಾಡಿದ್ದು..."

"ನಮ್ಮ ಸೀಟಿಂದ."

"ಅಯ್ಯೋ ಶಿವನೇ" ಎಂದ ಗಿರೀಶ. ಒಂದು ವಿಚಿತ್ರ ಸದ್ದು ಬಂತು, ಸೀಳಿದ ಬಿದಿರಿನೊಳಗೆ ಗಾಳಿ ಹೊಕ್ಕಂತೆ. ನಗುತ್ತಿದ್ದ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಫೋನು ಕಸಿದುಕೊಂಡ ವಾಣಿ, "ನಗಿಸ್ಬೇಡ ಅವನನ್ನ, ಡಾಕ್ಟ್ರು ಬೇಡ ಅಂದಿದಾರೆ" ಎಂದು ಸಿಡುಕಿ ಇಟ್ಟುಬಿಟ್ಟಳು. ಅವಳು ನನ್ನೊಡನೆ ಆಡಿದ ಕೊನೆಯ ಮಾತು ಅದು.

ನಾನು ಒಳಗೆ ಬಂದು ಸೋಫಾದಲ್ಲಿ ಕೂತೆ. ರೊನಿ ಗಂಜಿ ಬಿಸಿಮಾಡುತ್ತೇನೆ ಎಂದ. ಆಗಲಿ ಎಂದು ಹೇಳಿದ ನೆನಪಿದೆ, ತಿಂದ ನೆನಪಿಲ್ಲ. ಎಚ್ಚರವಾದಾಗ ಕಿಟಕಿಯ ತುಂಬ ಬಿಸಿಲಿತ್ತು, ಮೈಮೇಲೆ ಯಾರೋ ಹೊದಿಕೆ ಹಾಕಿದ್ದರು, ರೊನಿ ಕೆಲಸಕ್ಕೆ ಹೋಗಿಯಾಗಿತ್ತು. ತಲೆದಿಂಬಿನ ಪಕ್ಕದಲ್ಲೇ ಇದ್ದ ಫೋನಿನಲ್ಲಿ ಶ್ರೀನಾಥರ ಕರೆಗಳು ಸಾಲಾಗಿ ನಿಂತಿದ್ದವು, ರಾತ್ರಿಯಿಂದ ಬೆಳಗಿನವರೆಗೆ. ಒಂದೂ ನನಗೆ ಕೇಳಿಸಿರಲಿಲ್ಲ.